ಸೈಕಲ್ ಯಾವ ದಿಕ್ಕಿಗೆ ಹೊರಡಬೇಕು ಅನ್ನುವುದನ್ನು ವೀಸಾಕ್ಕೆ ಬಿಡಿ

ಪ್ರಶ್ನೆ: "ನಾನು ಶಿಡ್ಲಘಟ್ಟದವನು, ವಯಸ್ಸು 31. ಮನೆಯಲ್ಲಿ ರೇಷ್ಮೆ ನೂಲು ಬಿಚ್ಚುವ ಘಟಕ ಇದೆ, ರೀಲರ್ ಲೈಸೆನ್ಸ್ ನನ್ನ ಹೆಸರಲ್ಲೇ ಇದೆ. ನಾಲ್ಕು ವರ್ಷದಿಂದ ವಾರಕ್ಕೊಮ್ಮೆ ನಂದಿಬೆಟ್ಟಕ್ಕೆ ಸೈಕಲ್ ಹೊಡೆಯುತ್ತೇನೆ. ಮುಂದಿನ ವರ್ಷ ಏಪ್ರಿಲ್‌ನಲ್ಲಿ ವಿಮಾನದಲ್ಲಿ ಉಜ್ಬೇಕಿಸ್ತಾನದ ತಾಷ್ಕೆಂಟ್‌ಗೆ ಹೋಗಿ, ಅಲ್ಲಿಂದ ಕಜಾಕಿಸ್ತಾನ, ಜಾರ್ಜಿಯಾ, ಟರ್ಕಿ ದಾಟಿ ಅಥೆನ್ಸ್ ತಲುಪಬೇಕು ಅಂತ ಆಸೆ. ಒಟ್ಟು ನಾಲ್ಕೈದು ತಿಂಗಳು. ವೀಸಾಗಳನ್ನು ದಾರಿಯಲ್ಲೇ ಒಂದೊಂದಾಗಿ ಮಾಡಿಸಿಕೊಳ್ಳಬಹುದು ಅಂತ ನಮ್ಮ ಸೈಕಲ್ ಗುಂಪಿನವರು ಹೇಳುತ್ತಾರೆ. ಬೆಂಗಳೂರಿನ ಏಜೆಂಟ್ ಒಬ್ಬರು ಎಲ್ಲಾ ಸೇರಿ 85,000 ರೂಪಾಯಿ ಕೇಳಿದರು, ಸೈಕಲ್‌ಗೆ ಕಾರ್ನೆ ಬೇರೆ ಮಾಡಿಸಬೇಕು ಅಂದರು. 'ಸಂಬಳದ ಕೆಲಸ ಇಲ್ಲದವನಿಗೆ ಯುರೋಪ್ ವೀಸಾ ಯಾರು ಕೊಡ್ತಾರೆ' ಅನ್ನುತ್ತಾರೆ ಅಪ್ಪ. ನನ್ನ ಭಯ ಒಂದೇ: ಗೊತ್ತಿಲ್ಲದ ಊರಲ್ಲಿ ಮುಂದಿನ ವೀಸಾಕ್ಕೆ ಕಾಯುತ್ತಾ ಕೂತಾಗ, ಅಲ್ಲಿನ ವೀಸಾ ಅವಧಿಯೂ ಮುಗಿದು, ಕೈಲಿರುವ ದುಡ್ಡೂ ಕರಗಿದರೆ ಏನು ಮಾಡುವುದು?"

ಉತ್ತರ: ನಿಮ್ಮ ಭಯ ಸರಿಯಾದ ಜಾಗದಲ್ಲೇ ಇದೆ. ದೂರದ ಸೈಕಲ್ ಪ್ರಯಾಣಗಳು ಅರ್ಧಕ್ಕೆ ನಿಲ್ಲುವುದು ಮಂಡಿ ನೋವಿಗಿಂತ ಹೆಚ್ಚಾಗಿ ಕಾಗದಪತ್ರಕ್ಕೆ. ಆದರೆ ನೀವು ಅಂದುಕೊಂಡಿರುವ ದಾರಿಯಲ್ಲಿ ಸಿಕ್ಕಿಕೊಳ್ಳುವ ಜಾಗ ತಾಷ್ಕೆಂಟೂ ಅಲ್ಲ, ಕಜಾಕಿಸ್ತಾನವೂ ಅಲ್ಲ. ಅದು ಜಾರ್ಜಿಯಾ ಮತ್ತು ಟರ್ಕಿಯ ಬಾಗಿಲು. ಅಲ್ಲಿ ಯಾಕೆ ಸಿಕ್ಕಿಕೊಳ್ಳುತ್ತೀರಿ ಅನ್ನುವುದಕ್ಕೆ ಕೊಂಚ ಲೆಕ್ಕ ಬೇಕು. ಅದಕ್ಕೂ ಮುಂಚೆ ನೀವು ಕೇಳಿಸಿಕೊಂಡಿರುವ ಮಾತುಗಳನ್ನು ಜರಡಿ ಹಿಡಿಯೋಣ.

ಕಾರ್ನೆ ವಿಷಯ ಒಂದೇ ಸಾಲಿನಲ್ಲಿ ಮುಗಿಯುತ್ತದೆ. ಅದು ಕಾರು, ಬೈಕುಗಳಂಥ ಮೋಟಾರು ವಾಹನಗಳಿಗೆ ಬೇಕಾದ ಕಸ್ಟಮ್ಸ್ ದಾಖಲೆ. ಕಾಲಲ್ಲಿ ತುಳಿಯುವ ಸೈಕಲ್ ನಿಮ್ಮ ಬಟ್ಟೆಬರೆಯ ಹಾಗೆ ಪ್ರಯಾಣಿಕರ ಸ್ವಂತ ಸಾಮಾನು. ಸೈಕಲ್ ಬಿಲ್ಲಿನ ಪ್ರತಿ ಮತ್ತು ಫ್ರೇಮ್ ನಂಬರಿನ ಫೋಟೋ ಫೋನಿನಲ್ಲಿ ಇರಲಿ. ಸೈಕಲ್ ದುಬಾರಿಯದಾದರೆ ದೇವನಹಳ್ಳಿ ವಿಮಾನ ನಿಲ್ದಾಣದಲ್ಲಿ ಹೊರಡುವ ದಿನ ಕಸ್ಟಮ್ಸ್‌ನವರಿಂದ ರಫ್ತು ಪ್ರಮಾಣಪತ್ರ ಬರೆಸಿಕೊಳ್ಳಿ, ವಾಪಸ್ ಬರುವಾಗ "ಇದು ವಿದೇಶದಲ್ಲಿ ಕೊಂಡದ್ದೇ?" ಎಂಬ ಪ್ರಶ್ನೆ ಏಳುವುದಿಲ್ಲ. ಕಾರ್ನೆ ಬೇಕು ಅಂದ ಏಜೆಂಟರಿಗೆ ಸೈಕಲ್ ಪ್ರಯಾಣ ಗೊತ್ತಿಲ್ಲ ಅಂತ ಧಾರಾಳವಾಗಿ ತೀರ್ಮಾನಿಸಬಹುದು.

85,000ದ ಲೆಕ್ಕವನ್ನೂ ನೋಡಿ. ಶೆಂಗೆನ್ ವೀಸಾ, ಅಂದರೆ ಗ್ರೀಸ್ ಸೇರಿ ಯುರೋಪಿನ ಹಲವು ದೇಶಗಳಿಗೆ ಒಟ್ಟಿಗೆ ನಡೆಯುವ ವೀಸಾ, ಅದರ ಶುಲ್ಕ 2024ರ ಜೂನ್‌ನಿಂದ ದೊಡ್ಡವರಿಗೆ 90 ಯೂರೊ, ಅದರ ಮೇಲೆ ಅರ್ಜಿ ಕೇಂದ್ರದ ಸೇವಾ ಶುಲ್ಕ. ಉಜ್ಬೇಕಿಸ್ತಾನದ 30 ದಿನಗಳ ಏಕಪ್ರವೇಶ ಇ-ವೀಸಾ 20 ಡಾಲರ್. ಕಜಾಕಿಸ್ತಾನಕ್ಕೆ ಭಾರತೀಯರು 14 ದಿನ ವೀಸಾ ಇಲ್ಲದೇ ಹೋಗಬಹುದು. ಈ ಮೂರೂ ಸೇರಿಸಿದರೂ ಅವರು ಕೇಳಿದ ಮೊತ್ತದ ಕಾಲು ಭಾಗ ದಾಟುವುದಿಲ್ಲ. ಇ-ವೀಸಾ ಅರ್ಜಿ ಅಂದರೆ ಪಾಸ್‌ಪೋರ್ಟ್ ಪುಟದ ಸ್ಕ್ಯಾನ್, ಒಂದು ಫೋಟೋ, ಕಾರ್ಡಿನಲ್ಲಿ ಪಾವತಿ, ಅಷ್ಟೇ. ಶೆಂಗೆನ್‌ಗೆ ಬೆರಳಚ್ಚು ಕೊಡಲು ನೀವೇ ಬೆಂಗಳೂರಿಗೆ ಹೋಗಬೇಕು. ಏಜೆಂಟರು ಅರ್ಜಿ ತುಂಬಿಕೊಡಬಹುದು, ತೀರ್ಮಾನವನ್ನು ಬದಲಿಸಲಾರರು. ಅರ್ಜಿ ತುಂಬುವುದಕ್ಕೆ ಸಹಾಯ ಬೇಕಾದರೆ ಶೆಂಗೆನ್ ಒಂದಕ್ಕೆ ಮಾತ್ರ ಕೂಲಿ ಕೊಡಿ.

ಇನ್ನು "ದಾರಿಯಲ್ಲೇ ಮಾಡಿಸಿಕೊಳ್ಳಬಹುದು" ಅನ್ನುವ ಮಾತು. ಇದು ಪೂರ್ತಿ ಸುಳ್ಳಲ್ಲ, ಅದಕ್ಕೇ ಅಪಾಯಕಾರಿ. ಇಂಟರ್‌ನೆಟ್‌ನಲ್ಲಿ ನೀವು ಓದುವ ಅನುಭವಗಳಲ್ಲಿ ಹೆಚ್ಚಿನವು ಜರ್ಮನ್, ಫ್ರೆಂಚ್, ಬ್ರಿಟಿಷ್ ಪಾಸ್‌ಪೋರ್ಟಿನವರದು. ಅವರಿಗೆ ಗಡಿಯಲ್ಲೇ ಮುದ್ರೆ ಬೀಳುವ ಕಡೆ ನಮಗೆ ವೀಸಾ ಬೇಕಾಗುತ್ತದೆ. ಅವರಲ್ಲಿ ಕೆಲವು ದೇಶದವರಿಗೆ ಎರಡನೇ ಪಾಸ್‌ಪೋರ್ಟ್ ಕೂಡ ಸಿಗುತ್ತದೆ: ಒಂದು ರಾಯಭಾರ ಕಚೇರಿಯಲ್ಲಿ ಕೂತಿರುತ್ತದೆ, ಇನ್ನೊಂದನ್ನು ಹಿಡಿದು ಸೈಕಲ್ ಮುಂದೆ ಹೋಗುತ್ತದೆ. ನಮಗೆ ಇರುವುದು ಒಂದೇ ಪುಸ್ತಕ. ಅದನ್ನು ವೀಸಾಕ್ಕೆ ಕೊಟ್ಟರೆ ನೀವೂ ಆ ಊರಿಗೆ ಕಟ್ಟಿಬಿದ್ದ ಹಾಗೆ; ಹೋಟೆಲ್ ನೋಂದಣಿಗೂ ಅದೇ ಬೇಕು, ಪೊಲೀಸರು ಕೇಳಿದರೆ ತೋರಿಸುವುದಕ್ಕೂ ಅದೇ ಬೇಕು.

ಜೊತೆಗೆ ಇನ್ನೊಂದು ತೊಡಕು. ಶೆಂಗೆನ್ ವೀಸಾವನ್ನು ನೀವು ಕಾನೂನುಬದ್ಧವಾಗಿ ವಾಸಿಸುವ ದೇಶದಲ್ಲೇ ಕೇಳಬೇಕು. ಬೇರೆ ದೇಶದಲ್ಲಿ ಪ್ರವಾಸಿಯಾಗಿ ಇರುವಾಗ ಕೇಳಿದರೆ, ಊರಲ್ಲಿ ಯಾಕೆ ಕೇಳಲಿಲ್ಲ ಅನ್ನುವುದಕ್ಕೆ ಒಪ್ಪುವಂಥ ಕಾರಣ ಕೊಡಬೇಕು. "ಸೈಕಲ್ ಮೇಲಿದ್ದೆ" ಅನ್ನುವುದನ್ನು ಅವರು ಕಾರಣ ಅಂತ ಒಪ್ಪುತ್ತಾರೆ ಎಂದು ನಂಬಿ ಹೊರಡಬೇಡಿ.

ಹಾಗಾಗಿ ಮೂಲ ನಿಯಮ ಇಷ್ಟು: ಪಾಸ್‌ಪೋರ್ಟಿನೊಳಗೆ ಅಂಟಿಸುವ ವೀಸಾ ಊರಲ್ಲಿ, ಕಂಪ್ಯೂಟರಿನಲ್ಲಿ ಬರುವ ವೀಸಾ ದಾರಿಯಲ್ಲಿ. ನಿಮ್ಮ ಪಟ್ಟಿಯಲ್ಲಿ ಅಂಟಿಸುವ ವೀಸಾ ಒಂದೇ, ಶೆಂಗೆನ್. ಗ್ರೀಸ್ ಶೆಂಗೆನ್ ವಲಯದಲ್ಲಿದೆ.

ಸಿಕ್ಕು ಇರುವುದು ಇಲ್ಲಿ

ಭಾರತೀಯರಿಗೆ ಟರ್ಕಿಯ ಇ-ವೀಸಾ ಸುಮ್ಮನೆ ಸಿಗುವುದಿಲ್ಲ. ಶೆಂಗೆನ್, ಅಮೆರಿಕ, ಬ್ರಿಟನ್ ಅಥವಾ ಐರ್ಲೆಂಡಿನ ವೀಸಾ ಇಲ್ಲವೇ ವಾಸದ ಪರವಾನಗಿ ಇರಬೇಕು, ಅದು ನೀವು ಟರ್ಕಿಗೆ ಕಾಲಿಡುವ ದಿನ ಚಾಲ್ತಿಯಲ್ಲಿರಬೇಕು. ಇನ್ನೊಂದು ದೇಶದ ಇ-ವೀಸಾ ತೋರಿಸಿದರೆ ನಡೆಯುವುದಿಲ್ಲ. ಜಾರ್ಜಿಯಾ ಕೂಡ ಚಾಲ್ತಿಯಲ್ಲಿರುವ ಶೆಂಗೆನ್ ವೀಸಾ ಇದ್ದವರನ್ನು ಬೇರೆ ವೀಸಾ ಕೇಳದೆ ಬಿಟ್ಟುಕೊಳ್ಳುತ್ತದೆ. ಅಂದರೆ ನಿಮ್ಮ ಪಾಸ್‌ಪೋರ್ಟಿನ ಒಂದು ಶೆಂಗೆನ್ ಚೀಟಿ ಮೂರು ಬಾಗಿಲಿನ ಬೀಗದ ಕೈ. ಕೇಳುವುದಕ್ಕೆ ಚೆನ್ನಾಗಿದೆ.

ಈಗ ನಿಮ್ಮ ದಾರಿಯ ತಾರೀಖು ಹಾಕಿ ನೋಡಿ. ಏಪ್ರಿಲ್ 1ಕ್ಕೆ ತಾಷ್ಕೆಂಟ್. ಉಜ್ಬೇಕಿಸ್ತಾನ, ಕಜಾಕಿಸ್ತಾನ ಮುಗಿಸಿ ಮೇ ಮಧ್ಯಕ್ಕೆ ಜಾರ್ಜಿಯಾ. ಜೂನ್ ಮಧ್ಯಕ್ಕೆ ಟರ್ಕಿ. ಜುಲೈ 15ರ ಹೊತ್ತಿಗೆ ಗ್ರೀಸ್. ಶೆಂಗೆನ್ ಅರ್ಜಿಯಲ್ಲಿ ಪ್ರವೇಶದ ದಿನ ಜುಲೈ 15 ಅಂತ ಬರೆಯುತ್ತೀರಿ. ಪ್ರಯಾಣಕ್ಕೆ ಆರು ತಿಂಗಳಿಗಿಂತ ಮುಂಚೆ ಅರ್ಜಿ ತೆಗೆದುಕೊಳ್ಳುವುದಿಲ್ಲ, ಆದ್ದರಿಂದ ಜನವರಿ 15ರ ನಂತರ ಹಾಕುತ್ತೀರಿ. ಸಾಮಾನ್ಯವಾಗಿ 15 ದಿನ, ಕೆಲವೊಮ್ಮೆ 45 ದಿನದವರೆಗೆ ಹಿಡಿಯುತ್ತದೆ. ಮಾರ್ಚ್ ಒಳಗೆ ವೀಸಾ ಕೈಸೇರಿತು ಅಂತಲೇ ಇಟ್ಟುಕೊಳ್ಳಿ. ಮೊದಲ ಸಲದವರಿಗೆ ಸಾಮಾನ್ಯವಾಗಿ ಬರುವುದು ಕೇಳಿದಷ್ಟು ದಿನ, ಜೊತೆಗೆ ಕೊಂಚ ಹೆಚ್ಚುವರಿ ಅವಧಿ. ಚೀಟಿಯ ಮೇಲೆ ಅಚ್ಚಾಗುವುದು "ಜುಲೈ 15ರಿಂದ" ಅಂತ.

ಮೇ ಮಧ್ಯದಲ್ಲಿ ಜಾರ್ಜಿಯಾ ಗಡಿಯಲ್ಲಿ ನಿಂತಾಗ ಆ ವೀಸಾ ಇನ್ನೂ ಹುಟ್ಟಿಲ್ಲ. ಜೂನ್‌ನಲ್ಲಿ ಟರ್ಕಿ ಇ-ವೀಸಾ ಅರ್ಜಿ ತುಂಬುವಾಗಲೂ ಹುಟ್ಟಿಲ್ಲ. ಬೀಗದ ಕೈ ಜೇಬಲ್ಲೇ ಇದೆ, ಬಾಗಿಲು ಮಾತ್ರ ತೆರೆಯುವುದಿಲ್ಲ. ನೀವು ಹೆದರಿದ್ದ "ಗೊತ್ತಿಲ್ಲದ ಊರು" ಇದೇ.

ಇದಕ್ಕೆ ಮೂರು ದಾರಿಗಳಿವೆ.

ಮೊದಲನೆಯದು, ದಿಕ್ಕು ಅದೇ ಇಟ್ಟುಕೊಂಡು ಹೊರಡುವ ಮುಂಚೆ ಟರ್ಕಿಯ ಸ್ಟಿಕ್ಕರ್ ವೀಸಾವನ್ನೂ ಭಾರತದಲ್ಲೇ ಮಾಡಿಸುವುದು. ಆಗ ಒಂದೇ ಪಾಸ್‌ಪೋರ್ಟ್ ಜನವರಿಯಿಂದ ಮಾರ್ಚ್‌ವರೆಗೆ ಎರಡು ಕಡೆ ಸರದಿಯಲ್ಲಿ ಕೂರಬೇಕು. ಒಂದು ಕಡೆ 45 ದಿನ ಹಿಡಿದರೆ ಇನ್ನೊಂದಕ್ಕೆ ಸಮಯ ಉಳಿಯುವುದಿಲ್ಲ. ಟರ್ಕಿ ವೀಸಾ ಅವಧಿಯೊಳಗೆ ಸೈಕಲ್ ಅಲ್ಲಿಗೆ ತಲುಪಲೇಬೇಕು ಅನ್ನುವ ಓಟವೂ ಸೇರುತ್ತದೆ. ಮಾಡಬಹುದು, ನಾನು ಸಲಹೆ ಮಾಡುವುದಿಲ್ಲ.

ಎರಡನೆಯದು, ತಾಷ್ಕೆಂಟ್, ಕಜಾಕಿಸ್ತಾನ ಮುಗಿಸಿ ವಿಮಾನದಲ್ಲಿ ಊರಿಗೆ ಬಂದು, ಶೆಂಗೆನ್ ಮಾಡಿಸಿಕೊಂಡು ಮತ್ತೆ ಹೋಗುವುದು. ಖರ್ಚು ಜಾಸ್ತಿ, ಅಪಾಯ ಕಡಿಮೆ. ಎರಡು ವರ್ಷದಲ್ಲಿ ಎರಡು ಪ್ರಯಾಣ ಅಂತ ಅಂದುಕೊಂಡರೆ ಇದು ಕೆಟ್ಟ ಯೋಚನೆಯಲ್ಲ. ಗೂಡಿನ ಮಾರುಕಟ್ಟೆ ಬಿಟ್ಟು ಐದು ತಿಂಗಳು ಒಟ್ಟಿಗೆ ಹೋಗುವುದಕ್ಕೆ ಮನೆಯಲ್ಲಿ ಒಪ್ಪದಿದ್ದರಂತೂ ಇದೇ ಸರಿ.

ಮೂರನೆಯದು ನನಗೆ ಸರಿಕಾಣುವ ದಾರಿ: ಸೈಕಲನ್ನು ತಿರುಗಿಸಿಬಿಡಿ. ಅಥೆನ್ಸ್‌ನಿಂದ ಶುರು ಮಾಡಿ ತಾಷ್ಕೆಂಟ್‌ನಲ್ಲಿ ಮುಗಿಸಿ. ಕಷ್ಟದ ವೀಸಾ ಮೊದಲು, ಚಾಲ್ತಿಯಲ್ಲಿರುವಾಗಲೇ ಅದರ ಬಲದ ಮೇಲೆ ಟರ್ಕಿ, ಕೊನೆಗೆ ಸುಲಭದ ಇ-ವೀಸಾ ದೇಶಗಳು. ಕಾಯುವ ದಿನಗಳೆಲ್ಲಾ ಶಿಡ್ಲಘಟ್ಟದಲ್ಲಿ, ಮನೆ ಊಟ ಮಾಡಿಕೊಂಡು ಕಳೆಯುತ್ತವೆ.

ತಿರುಗಿಸಿದ ದಾರಿಯ ಲೆಕ್ಕ

ಸಾಮಾನು ಹೊತ್ತ ಸೈಕಲ್‌ಗೆ ದಿನಕ್ಕೆ 70 ಕಿ.ಮೀ. ಹಿಡಿಯಿರಿ, ವಾರಕ್ಕೆ ಐದು ದಿನ ಮಾತ್ರ ಸವಾರಿ. ನಂದಿಬೆಟ್ಟ ಹತ್ತುವ ಕಾಲಿಗೆ ಇದು ಕಮ್ಮಿ ಅನ್ನಿಸಬಹುದು. ಒಂದು ಶನಿವಾರ 20 ಕಿಲೋ ಕಟ್ಟಿಕೊಂಡು ಚಿಕ್ಕಬಳ್ಳಾಪುರದಿಂದ ಬಾಗೇಪಲ್ಲಿಗೆ ಹೋಗಿ ಬನ್ನಿ, ಸುಮಾರು 80 ಕಿ.ಮೀ. ಆಗುತ್ತದೆ. ಭಾನುವಾರ ಮತ್ತೆ ಅಷ್ಟೇ ದೂರ, ಸೋಮವಾರ ಮತ್ತೆ. ಸೋಮವಾರ ಸಂಜೆ 70 ಅನ್ನುವುದು ಎಷ್ಟು ಅಂತ ಗೊತ್ತಾಗುತ್ತದೆ.

ಮೇ 20ಕ್ಕೆ ಅಥೆನ್ಸ್. ಅಲ್ಲಿಂದ ಥೆಸಲೋನಿಕಿಗೆ ಸುಮಾರು 500 ಕಿ.ಮೀ., ಅಲ್ಲಿಂದ ಟರ್ಕಿ ಗಡಿಗೆ ಇನ್ನೂ 350ರಷ್ಟು. ಒಟ್ಟು 850 ಅಂದರೆ 12-13 ಸವಾರಿ ದಿನ. ವಿಶ್ರಾಂತಿ, ಮಳೆ, ಅಥೆನ್ಸ್ ನೋಡುವುದು ಸೇರಿ 22 ದಿನ. ಅರ್ಜಿಯಲ್ಲಿ 30 ದಿನ ಕೇಳಿ. ಜೂನ್ 11ರ ಸುಮಾರಿಗೆ ಇಪ್ಸಲಾ ಗಡಿಯಲ್ಲಿ ಟರ್ಕಿಗೆ ಹೋಗುತ್ತೀರಿ, ಶೆಂಗೆನ್ ಇನ್ನೂ ಜೀವಂತ ಇರುತ್ತದೆ.

ಆದರೆ ಏಕಪ್ರವೇಶ ವೀಸಾ ಆಗಿದ್ದರೆ? ಗ್ರೀಸ್ ಬಿಟ್ಟು ಹೊರಬಂದ ಕ್ಷಣ ಅದು ಬಳಸಿ ಮುಗಿದ ವೀಸಾ. ತಾರೀಖು ಬಾಕಿ ಇದ್ದರೂ ಅದನ್ನು ಟರ್ಕಿ ಗಡಿಯ ಅಧಿಕಾರಿ ಒಪ್ಪುತ್ತಾರೆ ಅಂತ ನೆಚ್ಚಿಕೊಂಡು ಹೋಗಬೇಡಿ. ಅರ್ಜಿಯಲ್ಲಿ ಬಹುಪ್ರವೇಶ ಕೇಳಿ, ಕಾರಣವನ್ನು ಇದ್ದ ಹಾಗೇ ಬರೆಯಿರಿ: ಮುಂದೆ ಟರ್ಕಿಗೆ ಹೋಗುವುದಿದೆ, ಅಲ್ಲಿ ಪ್ರವೇಶಕ್ಕೆ ಚಾಲ್ತಿಯಲ್ಲಿರುವ ಶೆಂಗೆನ್ ಬೇಕು, ಗಡಿಯಲ್ಲಿ ತೊಂದರೆಯಾದರೆ ಗ್ರೀಸ್‌ಗೇ ಮರಳಬೇಕಾಗಬಹುದು. ಏಕಪ್ರವೇಶವೇ ಬಂದರೆ ಇಪ್ಸಲಾ ಆಸೆ ಬಿಡಿ. ಅಥೆನ್ಸ್‌ಗೂ ಮುಂಚೆ ಇಸ್ತಾಂಬುಲ್ ಸೇರಿಸುವ ಉಪಾಯವೂ ನಡೆಯುತ್ತದೆ: ವೀಸಾ ಶುರುವಾದ ದಿನದ ನಂತರ ವಿಮಾನದಲ್ಲಿ ಇಸ್ತಾಂಬುಲ್‌ಗೆ ಬಂದು, ಟರ್ಕಿ ಮೊದಲು ಸುತ್ತಿ, ಆಮೇಲೆ ಗ್ರೀಸ್‌ಗೆ ಇಳಿಯುವುದು. ಆಗ ಶೆಂಗೆನ್ ಇನ್ನೂ ಬಳಸದ ವೀಸಾ. ಆದರೆ ಗ್ರೀಸ್‌ನ ದಿನ ಕಮ್ಮಿಯಾಗುತ್ತದೆ, ಜಾರ್ಜಿಯಾದ ದಾರಿ ತಪ್ಪುತ್ತದೆ, ಗ್ರೀಸ್‌ನಿಂದ ವಿಮಾನದಲ್ಲೇ ಕಜಾಕಿಸ್ತಾನದ ಅಲ್ಮಾಟಿಗೆ ಹೋಗಬೇಕಾಗುತ್ತದೆ.

ಟರ್ಕಿ ಇ-ವೀಸಾ 30 ದಿನ, ಒಂದೇ ಪ್ರವೇಶ. ಇಪ್ಸಲಾದಿಂದ ಇಸ್ತಾಂಬುಲ್‌ಗೆ ಸುಮಾರು 250, ಅಲ್ಲಿಂದ ಕಪ್ಪು ಸಮುದ್ರದ ದಂಡೆ ಹಿಡಿದು ಜಾರ್ಜಿಯಾ ಗಡಿಯ ಸರ್ಪ್‌ಗೆ 1,300ರಷ್ಟು. ಒಟ್ಟು 1,550 ಕಿ.ಮೀ., 22 ಸವಾರಿ ದಿನ. ವಾರಕ್ಕೆ ಐದರಂತೆ 31 ದಿನ ಬೇಕು, ಇರುವುದು 30. ಕಾಗದದ ಮೇಲೆಯೇ ಸೋತ ಲೆಕ್ಕ ಇದು. ದಂಡೆಯ ಪಶ್ಚಿಮ ಭಾಗ ಬರೀ ಏರಿಳಿತ ಬೇರೆ. ಇಸ್ತಾಂಬುಲ್‌ನಿಂದ ಸಾಮ್ಸುನ್‌ವರೆಗೆ ಬಸ್ ಹತ್ತಿ, ಅಲ್ಲಿಂದ ಸರ್ಪ್‌ಗೆ 520 ಕಿ.ಮೀ. ಮಾತ್ರ ತುಳಿಯಿರಿ. ದೂರದ ಬಸ್ಸುಗಳ ಲಗೇಜು ಡಬ್ಬಿಯಲ್ಲಿ ಸೈಕಲ್ ಹಿಡಿಯುತ್ತದೆ. ಮುಂದಿನ ಚಕ್ರ ಬಿಚ್ಚಿ, ಚೈನಿಗೆ ಹಳೇ ಬಟ್ಟೆ ಸುತ್ತಿ, ಬಸ್ ಬರುವುದಕ್ಕೆ ಅರ್ಧ ಗಂಟೆ ಮುಂಚೆ ನಿಂತಿರಿ. ಒಂದು ದೇಶವನ್ನು ಪೂರ್ತಿ ತುಳಿದೇ ದಾಟಬೇಕೆಂಬ ಹಟ ವೀಸಾ ಕಟ್ಟುಪಾಡಿನ ಪಾಸ್‌ಪೋರ್ಟಿಗೆ ಒಗ್ಗುವುದಿಲ್ಲ.

ಜಾರ್ಜಿಯಾ ಹೊತ್ತಿಗೆ ಜುಲೈ ಆಗಿರುತ್ತದೆ, ನಿಮ್ಮ ಶೆಂಗೆನ್ ಮುಗಿದಿರಬಹುದು. ಹಾಗಾದರೆ ಅವರದೇ ಇ-ವೀಸಾಕ್ಕೆ ಇಸ್ತಾಂಬುಲ್‌ನಲ್ಲಿ ಇರುವಾಗಲೇ ಅರ್ಜಿ ಹಾಕಿ, ಗಡಿ ಹತ್ತಿರ ಹೋಗಿ ಅಲ್ಲ. ಭಾರತೀಯರ ಅರ್ಜಿಗಳು ಅಲ್ಲಿ ನಿರಾಕರಣೆಯಾಗುವುದುಂಟು, ವೀಸಾ ಇದ್ದವರನ್ನೂ ಗಡಿಯಿಂದ ವಾಪಸ್ ಕಳಿಸುವುದುಂಟು. ಸರ್ಪ್‌ನಲ್ಲಿ ಟರ್ಕಿಯ ನಿರ್ಗಮನ ಮುದ್ರೆ ಬಿದ್ದ ಮೇಲೆ ನಿಮ್ಮ ಟರ್ಕಿ ವೀಸಾ ಮುಗಿದ ಹಾಗೆ. ಆಚೆಯವರು ಬೇಡ ಅಂದರೆ ಎರಡು ಗಡಿಗಳ ನಡುವೆ ನಿಲ್ಲುತ್ತೀರಿ. ಆದ್ದರಿಂದ ಮುದ್ರಿಸಿದ ಕಾಗದ ಕೈಲಿರಲಿ: ಹೋಟೆಲ್ ಬುಕಿಂಗ್, ವಿಮೆ, ಬ್ಯಾಂಕ್ ಸ್ಟೇಟ್‌ಮೆಂಟ್, ಜಾರ್ಜಿಯಾದಿಂದ ಹೊರಹೋಗುವ ವಿಮಾನದ ಟಿಕೆಟ್. ಇ-ವೀಸಾ ಬರಲಿಲ್ಲವೇ, ಸರ್ಪ್‌ಗಿಂತ ಮೊದಲು ಸಿಗುವ ಟರ್ಕಿಯ ಟ್ರಾಬ್‌ಝೋನ್‌ನಲ್ಲೇ ಸವಾರಿ ನಿಲ್ಲಿಸಿ ಇಸ್ತಾಂಬುಲ್ ಮೇಲೆ ಅಲ್ಮಾಟಿಗೆ ವಿಮಾನ ಹಿಡಿಯಿರಿ.

ಜಾರ್ಜಿಯಾದಿಂದ ಕಜಾಕಿಸ್ತಾನಕ್ಕೂ ವಿಮಾನವೇ. ನಡುವೆ ಇರುವ ಅಜರ್‌ಬೈಜಾನ್ 2020ರ ಮಾರ್ಚ್‌ನಲ್ಲಿ ಮುಚ್ಚಿದ ಭೂಗಡಿಯನ್ನು ಪ್ರಯಾಣಿಕರಿಗೆ ತೆರೆಯುವುದನ್ನು ವರ್ಷಗಟ್ಟಲೆ ಮುಂದೂಡುತ್ತಲೇ ಬಂದಿದೆ. ಇರಾನ್ 2024ರ ಫೆಬ್ರವರಿಯಲ್ಲಿ ಭಾರತೀಯರಿಗೆ ಕೊಟ್ಟ ವಿನಾಯಿತಿ ವಿಮಾನದಲ್ಲಿ ಬರುವವರಿಗೆ ಮಾತ್ರ ಇತ್ತು, ಅದೂ 2025ರ ನವೆಂಬರ್‌ನಲ್ಲಿ ನಿಂತಿತು. ರಷ್ಯಾ ಮೂಲಕ ದಾರಿ ಇದೆ, ಭಾರತೀಯರಿಗೆ ಇ-ವೀಸಾ ಕೂಡ ಇದೆ. ಆದರೆ 2022ರ ಮಾರ್ಚ್‌ನಿಂದ ಹೊರದೇಶದ ಬ್ಯಾಂಕುಗಳು ಕೊಟ್ಟ ವೀಸಾ, ಮಾಸ್ಟರ್‌ಕಾರ್ಡ್ ಕಂಪನಿಗಳ ಕಾರ್ಡುಗಳು ಅಲ್ಲಿ ಕೆಲಸ ಮಾಡುವುದಿಲ್ಲ, ಪೂರ್ತಿ ನಗದು ಹೊತ್ತು ಓಡಾಡಬೇಕು. ಮೊದಲ ಪ್ರಯಾಣಕ್ಕೆ ಬೇಡ.

ಕಜಾಕಿಸ್ತಾನದ 14 ದಿನ ಚಿಕ್ಕ ಲೆಕ್ಕ, ಆದರೆ ಜನ ಎಡವುವುದು ಇಲ್ಲೇ. ಅಲ್ಮಾಟಿಯಿಂದ ತರಾಜ್, ಶಿಮ್ಕೆಂಟ್ ಮೇಲೆ ತಾಷ್ಕೆಂಟ್ ಸುಮಾರು 800 ಕಿ.ಮೀ. ಇಳಿದ ದಿನವೂ ಲೆಕ್ಕಕ್ಕೆ ಸೇರುತ್ತದೆ. ಸೈಕಲ್ ಜೋಡಿಸುವುದಕ್ಕೆ ಒಂದು ದಿನ ಹೋದರೆ ಉಳಿದದ್ದು 12, 70ರಂತೆ 840. ಹುಲ್ಲುಗಾವಲಿನ ಎದುರುಗಾಳಿ ಮೂರು ದಿನ ಬೀಸಿದರೆ ತಪ್ಪಿತು. ಒಂಬತ್ತನೇ ದಿನದ ಸಂಜೆ ತರಾಜ್ ಹತ್ತಿರ ತಲುಪಿರದಿದ್ದರೆ ಮುಂದಿನ ನಿಲ್ದಾಣದಲ್ಲಿ ರೈಲು ಹತ್ತಿ. ಈ ತೀರ್ಮಾನವನ್ನು ಈಗಲೇ ಬರೆದಿಟ್ಟುಕೊಳ್ಳಿ. ರಸ್ತೆಯಲ್ಲಿ ದಣಿದ ತಲೆ "ನಾಳೆ ಹಿಡಿದುಬಿಡ್ತೀನಿ" ಅನ್ನುತ್ತದೆ. 180 ದಿನಗಳಲ್ಲಿ ಒಟ್ಟು 42 ದಿನದ ಮಿತಿಯೂ ಇದೆ, ನಿಮಗೆ ಅದು ತಾಗುವುದಿಲ್ಲ.

ಉಜ್ಬೇಕಿಸ್ತಾನಕ್ಕೆ ಸೆಪ್ಟೆಂಬರ್‌ನಲ್ಲಿ ಬರುವಂತೆ ಜಾರ್ಜಿಯಾದ ಗುಡ್ಡಗಳಲ್ಲಿ ಜುಲೈ, ಆಗಸ್ಟ್ ಕಳೆಯಿರಿ. ಬುಖಾರಾದ ಬೇಸಿಗೆ ಬಿಸಿಲು 40 ಡಿಗ್ರಿ ದಾಟುತ್ತದೆ. ಇ-ವೀಸಾವನ್ನು ಅಲ್ಮಾಟಿಗೆ ಹಾರುವ ಮುಂಚೆಯೇ ತರಿಸಿಕೊಳ್ಳಿ. ತಾಷ್ಕೆಂಟ್, ಸಮರ್ಕಂದ್, ಬುಖಾರಾ ಸೇರಿ 570 ಕಿ.ಮೀ., ಆರಾಮವಾಗಿ ಆಗುತ್ತದೆ. ಹೋಟೆಲಿನವರು ನೋಂದಣಿ ಮಾಡಿ ಕೊಡುವ ಚೀಟಿಗಳನ್ನು ಬಿಸಾಕಬೇಡಿ. ಡೇರೆ ಹಾಕಿ ಮಲಗುವವರಿಗೆ ಈ ಚೀಟಿ ಇರುವುದಿಲ್ಲ. ಎರಡು ಮೂರು ರಾತ್ರಿಗೊಮ್ಮೆ ಹೋಟೆಲಿಗೆ ಹೋಗಿ ಸರಿಮಾಡಿಕೊಳ್ಳಿ.

ಅಪ್ಪನ ಮಾತಿಗೆ

ಸಂಬಳ ಇಲ್ಲದಿದ್ದರೆ ವೀಸಾ ಇಲ್ಲ ಅನ್ನುವುದು ತಪ್ಪು, ಆದರೆ ಅವರ ಆತಂಕದಲ್ಲಿ ಅರ್ಧ ಸತ್ಯ ಇದೆ. ವೀಸಾ ಅಧಿಕಾರಿ ನೋಡುವುದು ಎರಡೇ: ಖರ್ಚಿಗೆ ದುಡ್ಡು ಇದೆಯೇ, ಊರಿಗೆ ವಾಪಸ್ ಬರುವ ಕಾರಣ ಇದೆಯೇ. ಸಂಬಳದವನಿಗೆ ಇವೆರಡನ್ನೂ ಕಂಪನಿಯ ಒಂದು ಪತ್ರ ಹೇಳುತ್ತದೆ. ನೀವು ನಾಲ್ಕು ಕಾಗದದಲ್ಲಿ ಹೇಳಬೇಕು. ರೇಷ್ಮೆ ಇಲಾಖೆ ಕೊಟ್ಟ ರೀಲರ್ ಲೈಸೆನ್ಸ್, ಮೂರು ವರ್ಷದ ಐಟಿಆರ್, ಆರು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್, ನಿಮ್ಮ ಹೆಸರಲ್ಲಿ ಜಮೀನಿದ್ದರೆ ಪಹಣಿ. ಕನ್ನಡದಲ್ಲಿರುವ ಲೈಸೆನ್ಸ್, ಪಹಣಿಗಳಿಗೆ ಇಂಗ್ಲಿಷ್ ಅನುವಾದ ಮಾಡಿಸಿ ನೋಟರಿ ಹಾಕಿಸಿ. ಕೃಷಿ ಆದಾಯಕ್ಕೆ ತೆರಿಗೆ ಇಲ್ಲ ಅಂತ ಐಟಿಆರ್‌ನಲ್ಲಿ ಅದನ್ನು ಬಿಟ್ಟುಬಿಡುವವರೇ ಹೆಚ್ಚು. ವಿನಾಯಿತಿ ಆದಾಯದ ಕಾಲಮಿನಲ್ಲಿ ತೋರಿಸಿದರೆ ಆ ದುಡ್ಡಿಗೆ ನೇರವಾಗಿ ತೆರಿಗೆ ಬೀಳುವುದಿಲ್ಲ, ಸ್ಟೇಟ್‌ಮೆಂಟಿಗೆ ಬಂದ ದುಡ್ಡಿಗೆ ಹೆಸರು ಸಿಗುತ್ತದೆ.

ಅರ್ಜಿಗೆ ಹತ್ತು ದಿನ ಮುಂಚೆ ಚಿಕ್ಕಪ್ಪನ ಖಾತೆಯಿಂದ ಮೂರು ಲಕ್ಷ ಹಾಕಿಸಿಕೊಳ್ಳುವುದು ಅತಿ ಸಾಮಾನ್ಯವಾದ ತಪ್ಪು. ಸ್ಟೇಟ್‌ಮೆಂಟಿನ ಆ ಸಾಲು ಎದ್ದು ಕಾಣುತ್ತದೆ. ಮನೆಯವರು ಖರ್ಚು ಕೊಡುವುದಾದರೆ ಹಾಗೆಯೇ ಬರೆದು, ಅವರ ಪತ್ರ ಮತ್ತು ಅವರ ಸ್ಟೇಟ್‌ಮೆಂಟ್ ಜೊತೆಗಿಡಿ. ನೀವಿಲ್ಲದಾಗ ಘಟಕವನ್ನು ಯಾರು ನಡೆಸುತ್ತಾರೆ ಅಂತ ಅಪ್ಪನಿಂದಲೇ ನಾಲ್ಕು ಸಾಲಿನ ಪತ್ರ ಬರೆಸಿ. ವಾಪಸ್ ಬರುವ ಕಾರಣಕ್ಕೆ ಅದಕ್ಕಿಂತ ಒಳ್ಳೇ ಸಾಕ್ಷಿ ಇಲ್ಲ, ಅವರ ಮುನಿಸೂ ಕೊಂಚ ಇಳಿಯಬಹುದು.

ಸೈಕಲ್ ಪ್ರವಾಸಿಯ ಅರ್ಜಿಯಲ್ಲಿ ದುರ್ಬಲವಾದ ಕೊಂಡಿ ವಸತಿ. "ಡೇರೆ ಹಾಕುತ್ತೇನೆ" ಅಂತ ಒಂದು ಸಾಲು ಬರೆದರೆ ಸಾಲದು. ದಿನಕ್ಕೊಂದು ಸಾಲಿನ ಪಟ್ಟಿ ಮಾಡಿ: ತಾರೀಖು, ಎಲ್ಲಿಂದ ಎಲ್ಲಿಗೆ, ಕಿ.ಮೀ., ರಾತ್ರಿ ಎಲ್ಲಿ. ಡೇರೆ ರಾತ್ರಿಗಳಿಗೆ ಕ್ಯಾಂಪಿಂಗ್ ಜಾಗದ ಹೆಸರು, ಉಳಿದವಕ್ಕೆ ರದ್ದು ಮಾಡಬಹುದಾದ ಹೋಟೆಲ್ ಬುಕಿಂಗ್. ವಿಮೆ ಕನಿಷ್ಠ 30,000 ಯೂರೊ ರಕ್ಷಣೆಯದು, ಅರ್ಜಿಯ ಅಷ್ಟೂ ದಿನಕ್ಕೆ. ಪಾಲಿಸಿಯಲ್ಲಿ ಸೈಕಲ್ ಸವಾರಿ ಹೊರಗಿಟ್ಟಿದ್ದಾರೆಯೇ ನೋಡಿ. ಉಳಿದ ದೇಶಗಳ ವಿಮೆಯನ್ನೂ ಹೊರಡುವ ಮುಂಚೆಯೇ ಮಾಡಿಸಿ. ನಮ್ಮ ಕಂಪನಿಗಳು ಸಾಮಾನ್ಯವಾಗಿ ಭಾರತ ಬಿಟ್ಟ ಮೇಲೆ ಪಾಲಿಸಿ ಕೊಡುವುದಿಲ್ಲ. ಪಾಸ್‌ಪೋರ್ಟ್ ಹತ್ತು ವರ್ಷದೊಳಗೆ ಕೊಟ್ಟದ್ದಾಗಿರಬೇಕು, ಗ್ರೀಸ್ ಬಿಟ್ಟ ಮೇಲೆ ಮೂರು ತಿಂಗಳಾದರೂ ಅವಧಿ ಇರಬೇಕು, ಎರಡು ಪುಟ ಖಾಲಿ ಇರಬೇಕು. ಹೊಸದಾಗಿ ಮಾಡಿಸುವುದಿದ್ದರೆ 1,500 ರೂಪಾಯಿಯ 36 ಪುಟದ್ದು ಬಿಟ್ಟು 2,000 ರೂಪಾಯಿಯ 60 ಪುಟದ್ದು ಕೇಳಿ.

ಮೇ ಪ್ರಯಾಣಕ್ಕೆ ನವೆಂಬರ್ 20ರಿಂದಲೇ ಅರ್ಜಿ ಹಾಕಬಹುದು. ಜನವರಿಯಲ್ಲಿ ಹಾಕಿ. ಮಾರ್ಚ್, ಏಪ್ರಿಲ್‌ನಲ್ಲಿ ಬೇಸಿಗೆ ರಜೆಯವರ ನೂಕುನುಗ್ಗಲು, ಅಪಾಯಿಂಟ್‌ಮೆಂಟ್ ಸಿಗುವುದೇ ಕಷ್ಟ. ಮತ್ತೆ, "ಆ ದೇಶದವರು ಸುಲಭವಾಗಿ ಕೊಡ್ತಾರಂತೆ" ಅಂತ ಬೇರೆ ಕಡೆ ಹಾಕಬೇಡಿ. ಹೆಚ್ಚು ದಿನ ಇರುವುದು ಗ್ರೀಸ್‌ನಲ್ಲಿ, ಅರ್ಜಿಯೂ ಗ್ರೀಸ್‌ಗೆ. 2025ರ ಅಕ್ಟೋಬರ್ 12ರಿಂದ ಶೆಂಗೆನ್ ಗಡಿಗಳಲ್ಲಿ ಬೆರಳಚ್ಚು, ಮುಖಚಿತ್ರ ಹಿಡಿದು ದಿನ ಎಣಿಸುವ ವ್ಯವಸ್ಥೆ ಹಂತಹಂತವಾಗಿ ಬಂದಿದೆ. ಮಸುಕಾದ ಮುದ್ರೆಯ ಲಾಭ ಈಗ ಯಾರಿಗೂ ಇಲ್ಲ.

ಆದರೂ ಕಾಯಬೇಕಾಗಿ ಬಂದರೆ

ಇಷ್ಟೆಲ್ಲಾ ಮಾಡಿದ ಮೇಲೂ ಇಸ್ತಾಂಬುಲ್‌ನಲ್ಲೋ ಜಾರ್ಜಿಯಾದ ಟಿಬಿಲಿಸಿಯಲ್ಲೋ ಎಂಟು ಹತ್ತು ದಿನ ಕಾಯುವ ಸಂದರ್ಭ ಬರಬಹುದು. ದುಡ್ಡನ್ನು ಎರಡು ಭಾಗ ಮಾಡಿ. ಒಂದು ಸವಾರಿಯದು. ಇನ್ನೊಂದು ಮುಟ್ಟಬಾರದ್ದು: 20 ದಿನದ ಊಟ ವಸತಿ, ಜೊತೆಗೆ ಆ ಊರಿಂದ ಭಾರತಕ್ಕೆ ಒಂದು ಟಿಕೆಟ್. ದಿನಕ್ಕೆ 2,500 ಖರ್ಚು ಹಿಡಿದರೆ ಮೊದಲ ಬಾಬ್ತಿಗೇ 50,000. ಈ ಮೊತ್ತ ಇಲ್ಲದಿದ್ದರೆ ಪ್ರಯಾಣವನ್ನು ಚಿಕ್ಕದು ಮಾಡಿ, ಇದನ್ನು ಕಡಿತ ಮಾಡಬೇಡಿ.

ವಾಪಸ್ ಹೊರಡುವ ದಿನವನ್ನೂ ಮೊದಲೇ ಗೊತ್ತುಮಾಡಿ. ಇರುವ ದೇಶದ ವೀಸಾ ಮುಗಿಯಲು ಐದು ದಿನ ಉಳಿದಾಗ ಮುಂದಿನದು ಬಂದಿರದಿದ್ದರೆ, ಟಿಕೆಟ್ ತೆಗೆಯಿರಿ. ಎರಡು ದಿನ ಹೆಚ್ಚಿಗೆ ಉಳಿದು ದಂಡ ಕಟ್ಟಿದರಾಯಿತು ಅನ್ನುವವರ ಮಾತು ಕೇಳಬೇಡಿ. ದಂಡ ಚಿಕ್ಕದಿರಬಹುದು, ಮುಂದಿನ ಪ್ರತಿ ವೀಸಾ ಅರ್ಜಿಯಲ್ಲೂ ಅದಕ್ಕೆ ಉತ್ತರ ಕೊಡಬೇಕು. ಪಾಸ್‌ಪೋರ್ಟನ್ನು ಕೊರಿಯರ್‌ನಲ್ಲಿ ಊರಿಗೆ ಕಳಿಸಿ ವೀಸಾ ಹಾಕಿಸಿ ತರಿಸುವ ಐಡಿಯಾ ಯಾರಾದರೂ ಕೊಟ್ಟರೆ ಅದೂ ಬೇಡ. ಅದು ಕಳೆದುಹೋದರೆ ನಮ್ಮ ರಾಯಭಾರ ಕಚೇರಿ ಕೊಡುವ ತುರ್ತು ಪ್ರಮಾಣಪತ್ರ ಭಾರತಕ್ಕೆ ಮರಳುವುದಕ್ಕೆ ಮಾತ್ರ.

ಚಿಕ್ಕ ವಿಷಯ, ಆದರೆ ಎಷ್ಟೋ ಅರ್ಜಿಗಳು ಇಲ್ಲೇ ನಿಲ್ಲುತ್ತವೆ: ಒಟಿಪಿ. ಇ-ವೀಸಾ ಶುಲ್ಕ ಕಟ್ಟುವಾಗ ಬ್ಯಾಂಕಿನ ಸಂದೇಶ ನಿಮ್ಮ ಶಿಡ್ಲಘಟ್ಟದ ಸಿಮ್‌ಗೇ ಬರುತ್ತದೆ. ಆ ಸಿಮ್‌ನಲ್ಲಿ ರೋಮಿಂಗ್ ಚಾಲೂ ಇರಬೇಕು, ಐದು ತಿಂಗಳಿಗೆ ರೀಚಾರ್ಜ್ ಇರಬೇಕು. ಕಾರ್ಡಿನಲ್ಲಿ ಅಂತರರಾಷ್ಟ್ರೀಯ ಪಾವತಿಯನ್ನು ಬ್ಯಾಂಕ್ ಆ್ಯಪ್‌ನಲ್ಲಿ ನೀವೇ ತೆರೆದಿಡಬೇಕು. ಬೇರೆ ಬೇರೆ ಬ್ಯಾಂಕಿನ ಎರಡು ಕಾರ್ಡ್ ಇರಲಿ.

ಕಾಯುವ ದಿನಗಳಲ್ಲಿ ಸೈಕಲ್ ಕೆಲಸ ಮುಗಿಸಿಕೊಳ್ಳಿ. ಚೈನ್ ಒರೆಸಿ, ಮೇಲಿನ ಬದಿಯನ್ನು ಬಿಗಿಯಾಗಿಸಿ, ಒಂದು ಪಿನ್ನಿನ ನಡುವಿನಿಂದ ಸ್ಟೀಲ್ ಸ್ಕೇಲ್ ಇಟ್ಟು 12 ಜೋಡಿ ಕೊಂಡಿ ಎಣಿಸಿ. ಹೊಸ ಚೈನಿನಲ್ಲಿ ಸರಿಯಾಗಿ 12 ಇಂಚು, ಅಂದರೆ 304.8 ಮಿ.ಮೀ. ಅದು 306.4ಕ್ಕೆ ಬಂದಿದ್ದರೆ ಚೈನ್ ಬದಲಿಸಿ. 308 ತಲುಪುವವರೆಗೆ ಬಿಟ್ಟರೆ ಹಿಂದಿನ ಹಲ್ಲುಚಕ್ರಗಳೂ ತಿಂದುಹೋಗಿರುತ್ತವೆ, ಹೊಸ ಚೈನ್ ಅದರ ಮೇಲೆ ಜಾರುತ್ತದೆ, ಖರ್ಚು ಮೂರು ಪಟ್ಟು. ಹಿಂದಿನ ಚಕ್ರದ ಕಡ್ಡಿಗಳನ್ನು ಎರಡೆರಡು ಜೋಡಿಯಾಗಿ ಹಿಂಡಿ ನೋಡಿ; ಸಾಮಾನು ಹೊತ್ತ ಸೈಕಲ್‌ನಲ್ಲಿ ಮೊದಲು ಮುರಿಯುವುದು ಚೈನ್ ಬದಿಯ ಕಡ್ಡಿ. ಆ ಅಳತೆಯ ನಾಲ್ಕು ಕಡ್ಡಿಗಳನ್ನು ಸೀಟಿನ ಕೊಳವೆಯೊಳಗೆ ಇಟ್ಟುಕೊಂಡೇ ಹೊರಡಿ. ಟ್ಯೂಬ್‌ಲೆಸ್ ಟೈರ್ ಆದರೆ ಒಳಗಿನ ಸೀಲೆಂಟ್ (ತೂತು ಮುಚ್ಚುವ ದ್ರವ) ಎರಡು ಮೂರು ತಿಂಗಳಿಗೆ ಒಣಗುತ್ತದೆ, ಬೇಸಿಗೆಯಲ್ಲಿ ಇನ್ನೂ ಬೇಗ. ಟಿಬಿಲಿಸಿಯಲ್ಲಿ ಹೊಸದು ಹಾಕಿಸಿ. ಅಲ್ಲೇ ವಿಮಾನಕ್ಕೆ ರಟ್ಟಿನ ಪೆಟ್ಟಿಗೆಯನ್ನೂ ಸೈಕಲ್ ಅಂಗಡಿಯಲ್ಲಿ ಕೇಳಿ ಇಟ್ಟುಕೊಳ್ಳಿ. ಪವರ್ ಬ್ಯಾಂಕ್ ಪೆಟ್ಟಿಗೆಯೊಳಗೆ ಹೋಗಬಾರದು, ಕೈಚೀಲದಲ್ಲಿರಬೇಕು.

ಅಥೆನ್ಸ್ ಟಿಕೆಟನ್ನು ವೀಸಾ ಕೈಗೆ ಬರುವವರೆಗೆ ದುಡ್ಡು ಕಟ್ಟಿ ಕೊಳ್ಳಬೇಡಿ. ಅರ್ಜಿಗೆ ಕಾಯ್ದಿರಿಸಿದ ಪ್ರತಿ ಸಾಕು. ಗ್ರೀಸ್‌ನವರು ನಿರಾಕರಿಸಿದರೆ ಕಾರಣಕ್ಕೆ ಗುರುತು ಹಾಕಿದ ಪತ್ರ ಕೊಡುತ್ತಾರೆ. ಜನವರಿಯಲ್ಲಿ ಹಾಕಿದ್ದರೆ ಆ ಕಾರಣ ಸರಿಪಡಿಸಿ ಮಾರ್ಚ್‌ನಲ್ಲಿ ಇನ್ನೊಮ್ಮೆ ಹಾಕಲು ಸಮಯ ಇರುತ್ತದೆ. ಎರಡನೇ ಸಲವೂ ಆಗಲಿಲ್ಲ ಅಂದರೆ ಗ್ರೀಸ್, ಟರ್ಕಿ ಈ ವರ್ಷಕ್ಕೆ ಬಿಟ್ಟು, ಆಗಸ್ಟ್ ಕೊನೆಗೆ ನೇರ ಅಲ್ಮಾಟಿಗೆ ಹೋಗಿ. ಅಲ್ಲಿಂದ ಬುಖಾರಾವರೆಗಿನ 1,400 ಕಿ.ಮೀ.ಗೆ ಬೇಕಾದ್ದು 20 ಡಾಲರ್‌ನ ಒಂದು ಇ-ವೀಸಾ ಮಾತ್ರ.